ಅಂಗೈಯಷ್ಟು ಬಾಟಲಿ, ಆಳೆತ್ತರದ ಕಾನೂನು

50 ಎಂಎಲ್. ಮನೆಯಲ್ಲಿರುವ ಕೆಮ್ಮಿನ ಸಿರಪ್ ಬಾಟಲಿಗಿಂತ ಚಿಕ್ಕದು. ಎರಡು ಬೆರಳಲ್ಲಿ ಎತ್ತಬಹುದು. ಅಂಗಿ ಜೇಬಿಗೆ ಹಾಕಿಕೊಂಡರೆ ಎದುರಿಗಿದ್ದವರಿಗೆ ಗೊತ್ತೂ ಆಗೋದಿಲ್ಲ. ಆದರೆ ದೊಡ್ಡ ಬಾಟಲಿಯಲ್ಲಿ ಏನೇನಿರುತ್ತೋ ಅದೆಲ್ಲ ಇದರಲ್ಲೂ ಇರುತ್ತೆ. ಅದೇ ಆಕಾರ, ಅದೇ ಲೇಬಲ್, ಅದೇ ಮುಚ್ಚಳ, ಅದೇ ಸೀಲು, ಒಳಗೆ ಅದೇ ಮದ್ಯ. ಇದಕ್ಕೆ ಮಿನಿಯೇಚರ್ ಅಂತ ಹೆಸರು. ವಿದೇಶಕ್ಕೆ ಹೋಗುವ ವಿಮಾನದಲ್ಲಿ, ದೊಡ್ಡ ಹೋಟೆಲಿನ ಕೋಣೆಯ ಪುಟ್ಟ ಫ್ರಿಜ್‌ನಲ್ಲಿ, ಏರ್‌ಪೋರ್ಟಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ನೀವು ಇದನ್ನು ನೋಡಿರಬಹುದು.

ಜಗತ್ತಿನಲ್ಲಿ ಇದನ್ನೇ ಹುಡುಕಿ ಹುಡುಕಿ ಕೂಡಿಡುವ ಜನ ಇದ್ದಾರೆ. ಕುಡಿಯೋದಕ್ಕಲ್ಲ, ಇಡೋದಕ್ಕೆ! ನಾವು ಚಿಕ್ಕವರಿದ್ದಾಗ ಸ್ಟಾಂಪು, ಬೆಂಕಿಪೊಟ್ಟಣದ ಲೇಬಲ್ಲು, ಹಳೇ ನಾಣ್ಯ ಅಂತ ಕೂಡಿಡ್ತಿರಲಿಲ್ವಾ? ಹಾಗೇ. ಒಬ್ಬೊಬ್ಬರ ಹತ್ತಿರ ಸಾವಿರ, ಹತ್ತು ಸಾವಿರ, ಇನ್ನೂ ಹೆಚ್ಚು.

ಇಷ್ಟು ಹೇಳುವ ಹೊತ್ತಿಗೆ ಟಿವಿಯಲ್ಲಾದರೆ ಪರದೆಯ ಕೆಳಗೆ 'ಮದ್ಯಪಾನ ಆರೋಗ್ಯಕ್ಕೆ ಹಾನಿಕರ' ಅನ್ನುವ ಪಟ್ಟಿ ಓಡ್ತಾ ಇರುತ್ತೆ. ಪುಸ್ತಕದಲ್ಲೂ ಅದು ಓಡ್ತಿದೆ ಅಂದುಕೊಂಡೇ ಮುಂದೆ ಓದಿ. ಯಾಕಂದ್ರೆ ಇದು ಕುಡಿತದ ಕತೆಯಲ್ಲ, ಅಳತೆಯ ಕತೆ. ಒಬ್ಬ ಮನುಷ್ಯ ಒಂದು ಸಲಕ್ಕೆ ಎಷ್ಟು ಕುಡಿಯಬೇಕು ಅಂತ ತೀರ್ಮಾನ ಮಾಡೋರು ಯಾರು? ಕುಡಿಯುವವನಾ, ಮಾರುವವನಾ, ಸರ್ಕಾರವಾ? ಈ ಜಗಳಕ್ಕೆ ನೂರು ವರ್ಷಕ್ಕೂ ಮೀರಿದ ವಯಸ್ಸಾಗಿದೆ. ಆ ಜಗಳದ ಸಾಕ್ಷಿಗಳೆಲ್ಲ ಸಾಲಾಗಿ ನಿಂತಿರೋದು ಈ ಸಂಗ್ರಾಹಕರ ಕಪಾಟುಗಳಲ್ಲಿ.

ಶುರುವಿನಲ್ಲಿ ಕತೆ ಸರಳವಾಗಿತ್ತು. ಇದು ವ್ಯಾಪಾರಿಗಳ ಸ್ಯಾಂಪಲ್. 19ನೇ ಶತಮಾನದ ಕೊನೆ, 20ನೇ ಶತಮಾನದ ಆರಂಭ. ಅಮೆರಿಕದಲ್ಲಿ ಸಲೂನ್ ಅಂತ ಕರೆಯುತ್ತಿದ್ದ ಹೆಂಡದಂಗಡಿಗಳು ಮತ್ತು ಮದ್ಯದ ವ್ಯಾಪಾರಿಗಳು ಗಿರಾಕಿಗಳಿಗೆ ಪುಟ್ಟ ಪುಟ್ಟ ಮಣ್ಣಿನ ಜಾಡಿಗಳನ್ನು ಕೊಡುತ್ತಿದ್ದರು. ಮೇಲೆ ಅಂಗಡಿಯ ಹೆಸರು, ಊರಿನ ಹೆಸರು, ಒಳಗೆ ಒಂದೆರಡು ಗುಟುಕು. ನಮ್ಮಲ್ಲಿ ಬಟ್ಟೆ ಅಂಗಡಿಯವರು ಯುಗಾದಿಗೆ ಕ್ಯಾಲೆಂಡರ್ ಕೊಡ್ತಾರಲ್ಲ, ಆ ಥರ. ಮುಗಿದ ಮೇಲೂ ಜಾಡಿ ಮನೆಯಲ್ಲಿ ಉಳಿಯುತ್ತೆ, ಹೆಸರು ಕಣ್ಣಿಗೆ ಬೀಳ್ತಾ ಇರುತ್ತೆ.

ಇಂಗ್ಲೆಂಡಿನಲ್ಲಿ ಈ ಚಿಕ್ಕದರ ಹುಚ್ಚು ಅರಮನೆಗೂ ಹೋಯಿತು. 1921ರಿಂದ 1924ರವರೆಗೆ ಕ್ವೀನ್ ಮೇರಿಗೆ ಉಡುಗೊರೆಯಾಗಿ ಒಂದು ಬೊಂಬೆಮನೆ ಕಟ್ಟಿದರು. ವಿನ್ಯಾಸ ಮಾಡಿದವರು ಎಡ್ವಿನ್ ಲ್ಯುಟೆನ್ಸ್. ಹೌದು, ನಾವು ನ್ಯೂಸ್ ಚಾನೆಲ್‌ನವರು ದಿನಕ್ಕೆ ಹತ್ತು ಸಲ 'ಲ್ಯುಟೆನ್ಸ್ ದೆಹಲಿ' ಅಂತ ಹೇಳ್ತೀವಲ್ಲ, ಅದೇ ಲ್ಯುಟೆನ್ಸ್. ರಾಷ್ಟ್ರಪತಿ ಭವನ ಕಟ್ಟಿಸುತ್ತಿದ್ದ ಕಾಲದಲ್ಲೇ ಈ ಮನುಷ್ಯ 12ಕ್ಕೆ 1ರ ಅಳತೆಯಲ್ಲಿ ಒಂದು ಪುಟಾಣಿ ಅರಮನೆಯನ್ನೂ ಕಟ್ಟಿಸುತ್ತಿದ್ದರು. ಅದರ ನೆಲಮಾಳಿಗೆಯಲ್ಲಿ ವೈನ್ ಕೋಣೆ. ಲಂಡನ್ನಿನ ಬೆರ್ರಿ ಬ್ರದರ್ಸ್ ಅನ್ನುವ ವೈನ್ ವ್ಯಾಪಾರಿಗಳು ಅದಕ್ಕೆ ಪುಟ್ಟ ಬಾಟಲಿಗಳಲ್ಲಿ ನಿಜವಾದ ವೈನ್ ತುಂಬಿ ಕೊಟ್ಟರು. ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ಇಂಥದ್ದು ಕಂಡ ತಕ್ಷಣ ಕೈ ಲೆಕ್ಕಕ್ಕೆ ಹೋಗುತ್ತೆ. ಎತ್ತರ 12ರಲ್ಲಿ ಒಂದು ಭಾಗ ಆದರೆ ಒಳಗಿನ ಗಾತ್ರ 12 ಗುಣಿಸು 12 ಗುಣಿಸು 12, ಅಂದರೆ 1,728ರಲ್ಲಿ ಒಂದು ಭಾಗ. 750 ಎಂಎಲ್ ಬಾಟಲಿಯನ್ನು ಆ ಅಳತೆಗೆ ಇಳಿಸಿದರೆ ಒಳಗೆ ಹಿಡಿಸೋದು ಅರ್ಧ ಎಂಎಲ್‌ಗಿಂತ ಕಡಿಮೆ. ಕೆಲವೇ ಹನಿ! ಆ ಬೊಂಬೆಮನೆಯನ್ನು ಇವತ್ತಿಗೂ ವಿಂಡ್ಸರ್ ಕ್ಯಾಸಲ್‌ನಲ್ಲಿ ನೋಡಬಹುದು.

ಇಲ್ಲಿವರೆಗೂ ಆಟ. ಕಾನೂನು ಒಳಗೆ ಬಂದಿದ್ದು ಅಮೆರಿಕದಲ್ಲಿ.

1920ರಲ್ಲಿ ಅಮೆರಿಕ ಇಡೀ ದೇಶಕ್ಕೆ ಪಾನನಿಷೇಧ ತಂದಿತು. 13 ವರ್ಷ ನಡೆಯಿತು. ಕುಡಿತ ನಿಲ್ಲಲಿಲ್ಲ, ಕಳ್ಳದಾರಿಗೆ ಹೋಯಿತು. ನಕಲಿ ಮದ್ಯ, ಅಸಲಿ ಬಾಟಲಿ. ಕುಡಿದು ಬಿಸಾಕಿದ ಒಳ್ಳೆ ಕಂಪನಿಯ ಬಾಟಲಿಗೆ ಕಳ್ಳಭಟ್ಟಿ ತುಂಬಿ ಮಾರೋದು ದೊಡ್ಡ ದಂಧೆಯಾಯಿತು. 1933ರಲ್ಲಿ ನಿಷೇಧ ತೆಗೆದ ಮೇಲೆ ಸರ್ಕಾರಕ್ಕೆ ಮೊದಲು ಕಣ್ಣಿಗೆ ಬಿದ್ದಿದ್ದೇ ಈ ಖಾಲಿ ಬಾಟಲಿ. 1935ರಿಂದ ಪ್ರತಿ ಮದ್ಯದ ಬಾಟಲಿಯ ಗಾಜಿನ ಮೇಲೇ ಒಂದು ವಾಕ್ಯ ಅಚ್ಚು ಹಾಕಿಸಬೇಕು ಅಂತ ನಿಯಮ ಬಂತು: ಈ ಬಾಟಲಿಯನ್ನು ಮಾರುವುದನ್ನು, ಮತ್ತೆ ಬಳಸುವುದನ್ನು ಕೇಂದ್ರದ ಕಾನೂನು ನಿಷೇಧಿಸಿದೆ ಅಂತ. ಈ ನಿಯಮ 1964ರವರೆಗೂ ಇತ್ತು.

ಸಂಗ್ರಾಹಕರಿಗೆ ಇದು ಪಂಚಾಂಗ ಇದ್ದ ಹಾಗೆ. ಗಾಜಿನ ಮೇಲೆ ಆ ಸಾಲು ಇದ್ದರೆ ಬಾಟಲಿ ಆ 29 ವರ್ಷಗಳ ಒಳಗಿನದ್ದು. ಮುಚ್ಚಳದ ಮೇಲೆ ತೆರಿಗೆಯ ಕಾಗದದ ಪಟ್ಟಿ ಇದ್ದರೆ ಅದರ ಬಣ್ಣ ನೋಡ್ತಾರೆ. ಹಸಿರು ಇದ್ದರೆ ಸರ್ಕಾರಿ ನಿಗಾದ ಗೋದಾಮಿನಲ್ಲಿ ಇಟ್ಟು ಮಾಗಿಸಿದ್ದು, ಕೆಂಪು ಇದ್ದರೆ ಉಳಿದದ್ದು. ಗಾತ್ರ ಎಂಎಲ್‌ನಲ್ಲಿ ಬರೆದಿಲ್ಲ, ಪೈಂಟಿನ ಹತ್ತನೇ ಒಂದು ಭಾಗ ಅಂತ ಬರೆದಿದೆ ಅಂದರೆ ಅದು 1980ರ ಹಿಂದಿನದ್ದು, ಯಾಕಂದ್ರೆ ಆ ವರ್ಷದಿಂದ ಅಮೆರಿಕದ ಮದ್ಯದ ಬಾಟಲಿಗಳು ಮೆಟ್ರಿಕ್ ಅಳತೆಗೆ ಬಂದವು. ನೋಡಿ, ಒಂದು ಬಾಟಲಿಯ ವಯಸ್ಸು ಹೇಳ್ತಿರೋದು ಅದರೊಳಗಿನ ಮದ್ಯವಲ್ಲ, ಹೊರಗಿನ ಕಾನೂನು.

ಇನ್ನು ಕಾನೂನಿಗೆ ಚಳ್ಳೆಹಣ್ಣು ತಿನ್ನಿಸಿದ ಬಾಟಲಿಯೂ ಒಂದಿದೆ. ಅದನ್ನು ಬಾಟಲಿ ಅನ್ನೋದೂ ಕಷ್ಟ, ನೋಡೋಕೆ ಅದೊಂದು ಮನೆ.

ಡಚ್ಚರ ಕೆಎಲ್‌ಎಂ ವಿಮಾನ ಸಂಸ್ಥೆ 1952ರಿಂದ ತನ್ನ ಮೇಲ್ದರ್ಜೆಯ ಪ್ರಯಾಣಿಕರಿಗೆ ನೀಲಿ ಬಿಳುಪು ಪಿಂಗಾಣಿಯ ಒಂದು ಪುಟ್ಟ ಮನೆ ಕೊಡುತ್ತಾ ಬಂದಿದೆ. ಹಾಲೆಂಡಿನಲ್ಲಿ ನಿಜವಾಗಿಯೂ ಇರುವ ಹಳೇ ಕಟ್ಟಡಗಳ ಪ್ರತಿರೂಪ ಅವು. ಮೇಲೆ ಒಂದು ಬಿರಡೆ. ಒಳಗೆ ಜೆನೆವರ್, ಅಂದರೆ ಜಿನ್‌ನ ತಾತ ಅನ್ನಬಹುದಾದ ಡಚ್ಚರ ಮದ್ಯ. ಇಂಥ ವಿಚಿತ್ರ ಬಾಟಲಿ ಯಾಕೆ ಬೇಕಾಯ್ತು? ಆ ಕಾಲದಲ್ಲಿ ವಿಮಾನ ಸಂಸ್ಥೆಗಳು ಪ್ರಯಾಣಿಕರನ್ನು ಸೆಳೆಯೋದಕ್ಕೆ ಬೆಲೆಬಾಳುವ ಉಡುಗೊರೆ ಕೊಡುವ ಹಾಗಿರಲಿಲ್ಲ. ಉಡುಗೊರೆಯ ಬೆಲೆ 75 ಅಮೆರಿಕನ್ ಸೆಂಟ್ ದಾಟಬಾರದು ಅಂತ ಕಟ್ಟಳೆ. ಪ್ರತಿಸ್ಪರ್ಧಿಗಳು ಈ ಮನೆ ನೋಡಿ ತಕರಾರು ತೆಗೆದರಂತೆ. ಅದಕ್ಕೆ ಕೆಎಲ್‌ಎಂ ಕೊಟ್ಟ ಉತ್ತರವನ್ನು ಅವರು ಇವತ್ತಿಗೂ ಹೆಮ್ಮೆಯಿಂದ ಹೇಳಿಕೊಳ್ತಾರೆ: ನಾವು ಉಡುಗೊರೆ ಎಲ್ಲಿ ಕೊಟ್ವಿ, ಕುಡಿಯೋಕೆ ಕೊಟ್ಟಿದ್ದು, ಅದನ್ನು ಗ್ಲಾಸಿನಲ್ಲೇ ಕೊಡಬೇಕು ಅಂತ ಯಾವ ಕಾನೂನಲ್ಲಿದೆ ಅಂತ!

ಎಂಥಾ ವಕೀಲಿ ಬುದ್ಧಿ ನೋಡಿ. ಪಾತ್ರೆಯೇ ಉಡುಗೊರೆ, ಮದ್ಯ ಬರೀ ನೆಪ.

1994ರಿಂದ ಪ್ರತಿ ವರ್ಷ ಅಕ್ಟೋಬರ್ 7ರಂದು, ಸಂಸ್ಥೆ ಹುಟ್ಟಿದ ದಿನ, ಹೊಸ ಮನೆಯೊಂದು ಬರುತ್ತೆ. ಕೆಎಲ್‌ಎಂ ಶುರುವಾಗಿದ್ದು 1919ರಲ್ಲಿ. ಸಂಸ್ಥೆಗೆ ಎಷ್ಟು ವರ್ಷವೋ ಮನೆಯ ನಂಬರೂ ಅಷ್ಟೇ. ಹಾಗಾಗಿ ಈಗ ಸಂಖ್ಯೆ ನೂರು ದಾಟಿದೆ. ಬಿಸಿನೆಸ್ ಕ್ಲಾಸಿನಲ್ಲಿ ಓಡಾಡುವವರು ತಮ್ಮ ಹತ್ತಿರ ಇಲ್ಲದ ನಂಬರ್ ಯಾವುದು ಅಂತ ಪಟ್ಟಿ ನೋಡಿ ಆರಿಸಿಕೊಳ್ತಾರೆ. 2019ರ ಅಕ್ಟೋಬರ್‌ನಿಂದ ಈ ಸಂಸ್ಥೆಯ ವಿಮಾನ ಬೆಂಗಳೂರಿನಿಂದಲೂ ಆಮ್‌ಸ್ಟರ್‌ಡ್ಯಾಮ್‌ಗೆ ಹೊರಡೋಕೆ ಶುರುವಾಯಿತು. ಹಾಗಾಗಿ ನಿಮ್ಮ ಪರಿಚಯದ ಯಾವುದಾದರೂ ಟೆಕ್ಕಿಯ ಮನೆಯ ಶೋಕೇಸ್‌ನಲ್ಲಿ, ಚನ್ನಪಟ್ಟಣದ ಬೊಂಬೆಯ ಪಕ್ಕ, ಇಂಥದ್ದೊಂದು ನೀಲಿ ಮನೆ ಕಂಡರೆ ಆಶ್ಚರ್ಯಪಡಬೇಡಿ. ಇನ್ನೊಂದು ಮಾತು. ಮದ್ಯಕ್ಕೆ ನಿಷೇಧ ಇರುವ ಕೆಲವು ದೇಶಗಳ ವಿಮಾನಗಳಲ್ಲಿ ಇದೇ ಮನೆಯನ್ನು ಖಾಲಿ ಕೊಡ್ತಾರೆ. ಒಳಗೆ ಹನಿಯೂ ಇಲ್ಲ. ಆದರೂ ಜನ ಖುಷಿಯಿಂದ ತಗೊಳ್ತಾರೆ.

ಇದು ಕಾನೂನನ್ನು ದಾಟಿದ ಕತೆ. ಈಗ ಕಾನೂನೇ ಹುಟ್ಟಿಸಿದ ಬಾಟಲಿಯ ಕತೆಗೆ ಬರೋಣ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇರೋದು ಇಲ್ಲೇ.

ಪಾನನಿಷೇಧ ತೆಗೆದಾಗ ಅಮೆರಿಕ ಮದ್ಯದ ಅಧಿಕಾರವನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟಿತು. ನಮ್ಮಲ್ಲೂ ಅಬಕಾರಿ ರಾಜ್ಯದ ವಿಷಯ ತಾನೆ? ಹಾಗೇ. ಸೌತ್ ಕ್ಯಾರೊಲಿನಾ ಅನ್ನುವ ರಾಜ್ಯ ದೈವಭಕ್ತರ ನಾಡು, ಕುಡಿತ ಅಂದರೆ ಮುಖ ಸಿಂಡರಿಸುವ ಜನ. ಅಲ್ಲಿ ಹೋಟೆಲ್‌ಗಳು ವಿಸ್ಕಿಯನ್ನು ಗ್ಲಾಸಿಗೆ ಹಾಕಿ ಮಾರುವ ಹಾಗಿರಲಿಲ್ಲ. ಗಿರಾಕಿಯೇ ಕಾಗದದ ಚೀಲದಲ್ಲಿ ತನ್ನ ಬಾಟಲಿ ತರಬೇಕಿತ್ತು. ಇಡೀ ಬಾಟಲಿ ತಂದವನು ಅರ್ಧ ಕುಡಿದು ಎದ್ದು ಹೋಗ್ತಾನಾ? ಮುಗಿಸಿಯೇ ಕಾರು ಹತ್ತುತ್ತಿದ್ದ.

ಇದಕ್ಕೆ ಪರಿಹಾರವಾಗಿ 1973ರಲ್ಲಿ ಮಿನಿ ಬಾಟಲಿ ಪದ್ಧತಿ ಬಂತು. ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ. ಬಾರ್‌ನಲ್ಲಿ ಮದ್ಯ ಮಾರಬಹುದು, ಆದರೆ ಎರಡು ಔನ್ಸ್ ಮೀರದ ಸೀಲಾದ ಬಾಟಲಿಯಿಂದ ಮಾತ್ರ. ಗಿರಾಕಿ ಕೇಳಿದಾಗ ಬಾರ್‌ನವನು ಚಿಕ್ಕ ಬಾಟಲಿಯ ಸೀಲು ಒಡೆದು ಗ್ಲಾಸಿಗೆ ಸುರಿಯಬೇಕು. ದೊಡ್ಡ ಬಾಟಲಿ ಅಲ್ಲಿ ಇರಲೇಕೂಡದು.

ಕಾಗದದ ಮೇಲೆ ನೋಡಿದರೆ ಇದು ಅದ್ಭುತ ವ್ಯವಸ್ಥೆ. ಕಲಬೆರಕೆ ಇಲ್ಲ, ಸೀಲು ಕಣ್ಣೆದುರೇ ಒಡೀತಾರೆ. ಬ್ರ್ಯಾಂಡ್ ಬದಲಾಯಿಸುವ ಮೋಸ ಇಲ್ಲ. ಬಾಟಲಿ ಎಣಿಸಿದರೆ ಆಯ್ತು, ತೆರಿಗೆ ಲೆಕ್ಕ ಪಕ್ಕಾ. ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಇಂಥ ವಿನ್ಯಾಸಕ್ಕೆ ಪೂರ್ತಿ ಅಂಕ ಕೊಡ್ತಾರೆ.

ಆದರೆ ಆಗಿದ್ದೇನು? ಮಿನಿ ಬಾಟಲಿಯಲ್ಲಿ ಇರೋದು 1.7 ಔನ್ಸ್, ಹತ್ತಿರ ಹತ್ತಿರ 50 ಎಂಎಲ್. ಉಳಿದ ರಾಜ್ಯಗಳ ಬಾರ್‌ಗಳಲ್ಲಿ ಒಂದು ಡ್ರಿಂಕ್‌ಗೆ ಹಾಕುತ್ತಿದ್ದದ್ದು ಒಂದರಿಂದ ಒಂದೂವರೆ ಔನ್ಸ್, ಅಂದರೆ 30ರಿಂದ 45 ಎಂಎಲ್. ಸೀಲು ಒಡೆದ ಮೇಲೆ ಅರ್ಧ ಉಳಿಸಿಕೊಳ್ಳೋಕೆ ಆಗಲ್ಲ, ಪೂರ್ತಿ ಸುರಿಯಲೇಬೇಕು. ಇನ್ನು ನಾಲ್ಕೈದು ಬಗೆ ಮದ್ಯ ಸ್ವಲ್ಪ ಸ್ವಲ್ಪ ಬೆರೆಸುವ ಕಾಕ್‌ಟೇಲ್ ಕೇಳಿದರೆ? ನಾಲ್ಕೈದು ಬಾಟಲಿ ಒಡೆಯಬೇಕು. ಹತ್ತಿರ ಹತ್ತಿರ ಕಾಲು ಲೀಟರ್ ಮದ್ಯ ಒಂದು ಸಲಕ್ಕೆ!

ಕುಡಿತಕ್ಕೆ ಲಗಾಮು ಹಾಕೋಕೆ ಹೊರಟ ರಾಜ್ಯದಲ್ಲಿ ಗ್ಲಾಸಿನ ಮದ್ಯ ಅಕ್ಕಪಕ್ಕದ ರಾಜ್ಯಗಳಿಗಿಂತ ಜೋರಾಗಿಬಿಟ್ಟಿತು. ಸರ್ಕಾರವೇ ಅಳತೆ ನಿಗದಿ ಮಾಡಿ, ಸರ್ಕಾರವೇ ಹೆಚ್ಚು ಕುಡಿಸಿದ ಹಾಗಾಯಿತು. ಅದನ್ನು ತೆಗೆಯೋಕೆ ಎಷ್ಟು ವರ್ಷ ಬೇಕಾಯ್ತು ಗೊತ್ತಾ? ಮೂವತ್ತಕ್ಕೂ ಹೆಚ್ಚು. 2004ರ ನವೆಂಬರ್‌ನಲ್ಲಿ ಜನಮತ ಕೇಳಿದರು, ಜನ ತೆಗೀರಿ ಅಂದರು. 2006ರ ಜನವರಿ 1ರಿಂದ ದೊಡ್ಡ ಬಾಟಲಿಗಳು ಬಾರ್‌ಗೆ ಬಂದವು. ಯೂಟಾ ರಾಜ್ಯದಲ್ಲೂ ಇಂಥದ್ದೇ ಪದ್ಧತಿ ಇತ್ತು, ಅವರು 1990ರಲ್ಲೇ ಬಿಟ್ಟಿದ್ದರು.

ತಪ್ಪು ಅಂತ ಗೊತ್ತಾದ ಮೇಲೂ ಒಂದು ನಿಯಮ ಅಷ್ಟು ವರ್ಷ ಯಾಕೆ ಬದುಕಿತು? ಯಾಕಂದ್ರೆ ಎಣಿಸೋಕೆ ಅದು ಸುಲಭ. ತೆರಿಗೆ ಇಲಾಖೆಗೆ ಬಾಟಲಿ ಕಾಣುತ್ತೆ, ಮನುಷ್ಯ ಕಾಣೋದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ನಮ್ಮೂರಿಗೆ ಬಂದಾಗ ಬೇಕಾಗುತ್ತೆ.

ಚಿಕ್ಕದು ಮಾಡಿದರೆ ಕುಡಿಯೋದು ಕಡಿಮೆ ಆಗುತ್ತೆ ಅನ್ನುವ ನಂಬಿಕೆಗೆ ಇನ್ನೊಂದು ಏಟು ಬಿದ್ದಿದ್ದು ಹಾಂಕಾಂಗ್‌ನಲ್ಲಿ. 1974ರಲ್ಲಿ ಅಲ್ಲಿನ ಹಿಲ್ಟನ್ ಹೋಟೆಲ್ ತನ್ನ 840 ಕೋಣೆಗಳಲ್ಲಿ ಮಿನಿಬಾರ್ ಇಟ್ಟಿತು. ಪುಟ್ಟ ಫ್ರಿಜ್, ಒಳಗೆ ಪುಟ್ಟ ಬಾಟಲಿಗಳು. ಕೋಣೆಯಲ್ಲಿ ಪಾನೀಯದ ಮಾರಾಟ ಐದು ಪಟ್ಟು ಏರಿತು ಅನ್ನೋದು ಹೋಟೆಲ್ ಉದ್ಯಮದಲ್ಲಿ ಇವತ್ತಿಗೂ ಹೇಳುವ ಲೆಕ್ಕ. ದೊಡ್ಡ ಬಾಟಲಿ ಕೊಳ್ಳುವಾಗ ಮನುಷ್ಯ ಎರಡು ಸಲ ಯೋಚಿಸ್ತಾನೆ. ಚಿಕ್ಕದು ಕೈಗೆ ಸಿಕ್ಕರೆ 'ಒಂದೇ ತಾನೆ' ಅಂತಾನೆ.

ಹಾಗಾದರೆ ಕೂಡಿಡುವವರು ಯಾರು? ಜಗತ್ತಿನ ಅತಿ ದೊಡ್ಡ ಮಿನಿ ಬಾಟಲಿ ಸಂಗ್ರಹ ಅಂತ ಹೆಸರಾದದ್ದು ಇರೋದು ಮದ್ಯ ಧಾರಾಳವಾಗಿ ಹರಿಯುವ ದೇಶದಲ್ಲಲ್ಲ, ನಾರ್ವೆಯಲ್ಲಿ. ಅಲ್ಲಿ 1927ರವರೆಗೂ ವಿಸ್ಕಿ, ಬ್ರಾಂದಿಯಂಥ ಮದ್ಯಕ್ಕೆ ನಿಷೇಧ ಇತ್ತು. ವೈನ್ ಮಾರುವ ದೇಶಗಳು 'ನಮ್ಮ ವೈನ್ ತಗೊಳ್ಳದಿದ್ದರೆ ನಿಮ್ಮ ಮೀನು ನಮಗೂ ಬೇಡ' ಅನ್ನುವ ಧಾಟಿಯಲ್ಲಿ ಒತ್ತಡ ಹಾಕಿದ ಕಾಲ ಅದು. 1922ರಲ್ಲಿ ನಾರ್ವೆ ಸರ್ಕಾರ ವಿನ್‌ಮೊನೊಪೊಲೆ ಅನ್ನುವ ಸಂಸ್ಥೆ ಹುಟ್ಟುಹಾಕಿತು. ಇವತ್ತಿಗೂ ಶೇಕಡಾ 4.7ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಪಾನೀಯ ಬೇಕಾದರೆ ಅಂಗಡಿಯಲ್ಲಿ ಕೊಳ್ಳೋಕೆ ಅದೊಂದೇ ದಾರಿ. 1975ರಿಂದ ಮದ್ಯದ ಜಾಹೀರಾತಿಗೂ ಅಲ್ಲಿ ನಿಷೇಧ.

ಇಂಥ ದೇಶದ ರಾಜಧಾನಿ ಓಸ್ಲೊದಲ್ಲಿ 2003ರಲ್ಲಿ ಕ್ರಿಸ್ಟಿಯಾನ್ ರಿಂಗ್ನೆಸ್ ಅನ್ನುವ ಉದ್ಯಮಿ ಮಿನಿ ಬಾಟಲಿಗಳ ಮ್ಯೂಸಿಯಂ ತೆರೆದರು. ಸಂಗ್ರಹದಲ್ಲಿ ಸುಮಾರು 53,000 ಬಾಟಲಿ, ಪ್ರದರ್ಶನಕ್ಕೆ ಇಟ್ಟಿದ್ದು 12,500ರಷ್ಟು. ಇವರ ಮನೆತನ ಸಾಮಾನ್ಯದ್ದಲ್ಲ. 1876ರಲ್ಲಿ ಅಮುಂಡ್ ಮತ್ತು ಎಲೆಫ್ ರಿಂಗ್ನೆಸ್ ಅನ್ನುವ ಅಣ್ಣತಮ್ಮಂದಿರು ಶುರು ಮಾಡಿದ ಬಿಯರ್ ಕಂಪನಿಯ ವಂಶ. ಧ್ರುವಪ್ರದೇಶದ ಯಾತ್ರೆಗಳಿಗೆ ಹಣ ಕೊಟ್ಟಿದ್ದಕ್ಕೆ ಕೆನಡಾದ ಉತ್ತರದ ಹಿಮಸಾಗರದಲ್ಲಿ ಎರಡು ದ್ವೀಪಗಳಿಗೆ ಆ ಸೋದರರ ಹೆಸರಿದೆ. ಈ ಕ್ರಿಸ್ಟಿಯಾನ್‌ಗೆ ಮೊದಲ ಮಿನಿ ಬಾಟಲಿ ಸಿಕ್ಕಿದ್ದು ಏಳು ವರ್ಷದವನಿದ್ದಾಗ, ಅಪ್ಪನ ಕೈಯಿಂದ. ಅದೂ ಅರ್ಧ ಖಾಲಿಯಾಗಿದ್ದ ಬಾಟಲಿ!

53,000 ಬಾಟಲಿ, ತಲಾ 50 ಎಂಎಲ್ ಅಂದುಕೊಳ್ಳಿ. ಒಟ್ಟು 2,650 ಲೀಟರ್. ಅಷ್ಟು ಮದ್ಯ ಮನೆಯಲ್ಲಿದ್ದೂ ಮುಟ್ಟದೆ ಇರೋದಿದೆಯಲ್ಲ, ಅದು ಈ ಹವ್ಯಾಸದ ವೈರಾಗ್ಯ. ಯಾಕಂದ್ರೆ ಸಂಗ್ರಾಹಕರ ಲೋಕದಲ್ಲಿ ಸೀಲು ಒಡೆದರೆ ಬೆಲೆ ಬಿತ್ತು. ಕುಡಿದವನು ಕಳಕೊಂಡ, ಇಟ್ಟವನು ಗೆದ್ದ.

ಆದರೆ ಇಟ್ಟವನಿಗೂ ಒಬ್ಬ ಕಳ್ಳನಿದ್ದಾನೆ. ಅವನ ಹೆಸರು ಗಾಳಿ. ಮುಚ್ಚಳದ ಸಂದಿನಲ್ಲಿ ಮದ್ಯ ಸದ್ದಿಲ್ಲದೆ ಆವಿಯಾಗಿ ಹೋಗುತ್ತಾ ಇರುತ್ತೆ. ಇದರಲ್ಲಿ ಒಂದು ಭೌತಶಾಸ್ತ್ರ ಇದೆ. ದೊಡ್ಡ ಬಾಟಲಿಗೆ ಹೋಲಿಸಿದರೆ ಮಿನಿ ಬಾಟಲಿಯ ಒಳಗಿನ ಮದ್ಯ 15ರಲ್ಲಿ ಒಂದು ಭಾಗ, ಆದರೆ ಕತ್ತಿನ ಅಗಲ 15 ಪಟ್ಟು ಕಿರಿದಾಗಿರೋದಿಲ್ಲ. ಹಾಗಾಗಿ 750 ಎಂಎಲ್‌ನಲ್ಲಿ ಐದು ಎಂಎಲ್ ಆವಿಯಾದರೆ ಯಾರಿಗೂ ಗೊತ್ತಾಗಲ್ಲ. 50ರಲ್ಲಿ ಐದು ಹೋದರೆ ಹತ್ತನೇ ಒಂದು ಭಾಗವೇ ಹೋಯಿತು, ಕಣ್ಣಿಗೆ ಹೊಡೆದು ಕಾಣುತ್ತೆ. ಅದಕ್ಕೇ ಸಂಗ್ರಾಹಕರು ಬಾಟಲಿಯನ್ನು ಮಲಗಿಸೋದಿಲ್ಲ, ನಿಲ್ಲಿಸಿಯೇ ಇಡ್ತಾರೆ. ಮಲಗಿಸಿದರೆ ಮದ್ಯ ಬಿರಡೆಯನ್ನು ತಿನ್ನುತ್ತೆ. ಬಿಸಿಲಿಗೆ ಇಡೋದಿಲ್ಲ, ಲೇಬಲ್ ಬಿಳಿಚಿಕೊಳ್ಳುತ್ತೆ. ಮುಚ್ಚಳದ ಸುತ್ತ ತೆಳುವಾದ ಮೇಣದ ಪಟ್ಟಿ ಸುತ್ತುವವರೂ ಇದ್ದಾರೆ.

ಇಷ್ಟು ಕಷ್ಟಪಟ್ಟು ಕಾಯೋದು ಏನನ್ನು? ಇದಕ್ಕೆ ಉತ್ತರ ಹಂಗೆರಿಯ ಬುಡಾಪೆಸ್ಟ್‌ನಲ್ಲಿದೆ. ಅಲ್ಲಿ ಜ್ವಾಕ್ ಮನೆತನ ಉನಿಕುಮ್ ಅನ್ನುವ ಕಹಿ ಮದ್ಯ ಮಾಡುತ್ತೆ. ಕಪ್ಪು ಗುಂಡನೆಯ ಬಾಟಲಿ, ಮೇಲೆ ಕೆಂಪು ವೃತ್ತದಲ್ಲಿ ಬಂಗಾರದ ಬಣ್ಣದ ಶಿಲುಬೆ. ಗಿಡಮೂಲಿಕೆಗಳ ಗುಟ್ಟಿನ ಪಾಕ. 1948ರಲ್ಲಿ ಕಮ್ಯುನಿಸ್ಟ್ ಸರ್ಕಾರ ಕಾರ್ಖಾನೆಯನ್ನು ವಶಪಡಿಸಿಕೊಂಡಿತು. ಯಾನೋಶ್ ಜ್ವಾಕ್ ಗುಟ್ಟಿನ ಪಾಕದ ಚೀಟಿಯೊಂದಿಗೆ ದೇಶ ಬಿಟ್ಟು ತಪ್ಪಿಸಿಕೊಂಡರು. ಇನ್ನೊಬ್ಬ ಸೋದರ ಬೇಲಾ ಅಲ್ಲೇ ಉಳಿದರು, ಸರ್ಕಾರದವರು ಪಾಕ ಕೇಳಿದಾಗ ಸುಳ್ಳು ಪಾಕ ಬರೆದುಕೊಟ್ಟರು. ನಾಲ್ಕು ದಶಕ ಹಂಗೆರಿಯ ಜನ ಉನಿಕುಮ್ ಅಂತ ಕುಡಿದಿದ್ದು ಅಸಲಿ ಉನಿಕುಮ್ ಅಲ್ಲ!

ಯಾನೋಶ್ ಮಗ ಪೀಟರ್ ಜ್ವಾಕ್ ಅಮೆರಿಕದಲ್ಲಿ ಬದುಕು ಕಟ್ಟಿಕೊಂಡು, ಕಮ್ಯುನಿಸ್ಟ್ ಆಡಳಿತ ಕುಸಿಯುವ ಹೊತ್ತಿಗೆ ಊರಿಗೆ ಮರಳಿದರು. ಕಾರ್ಖಾನೆ ವಾಪಸ್ ಕೊಂಡರು. 1990ರಲ್ಲಿ ಅಮೆರಿಕಕ್ಕೆ ಹಂಗೆರಿಯ ರಾಯಭಾರಿಯೂ ಆದರು. ಇವತ್ತು ಅವರ ಕಾರ್ಖಾನೆಯ ಮ್ಯೂಸಿಯಂನಲ್ಲಿ ಸುಮಾರು 17,000 ಮಿನಿ ಬಾಟಲಿಗಳ ಸಂಗ್ರಹ ಇದೆ. ಒಮ್ಮೆ ಯೋಚಿಸಿ. ಮನೆ, ಕಾರ್ಖಾನೆ, ದೇಶ ಎಲ್ಲ ಕಳಕೊಂಡು ಚೀಟಿಯೊಂದನ್ನು ಉಳಿಸಿಕೊಂಡ ಕುಟುಂಬಕ್ಕೆ, ಜೇಬಿನಲ್ಲಿ ಹಿಡಿಸುವ ಬಾಟಲಿಯ ಬೆಲೆ ಏನು ಅಂತ ಗೊತ್ತಿರುತ್ತೆ. ದೊಡ್ಡದನ್ನು ಸರ್ಕಾರ ಕಿತ್ತುಕೊಳ್ಳಬಹುದು. ಚಿಕ್ಕದು ಕೈ ತಪ್ಪಿಸಿಕೊಂಡು ಹೋಗುತ್ತೆ. ಯುಗೊಸ್ಲಾವಿಯಾ, ಚೆಕೊಸ್ಲೊವಾಕಿಯಾ ಅನ್ನುವ ದೇಶಗಳು ಭೂಪಟದಿಂದ ಮಾಯವಾಗಿವೆ. ಸಂಗ್ರಾಹಕರ ಕಪಾಟಿನ ಲೇಬಲ್ಲುಗಳ ಮೇಲೆ ಅವು ಇನ್ನೂ ಇವೆ.

ಅಮೆರಿಕದಲ್ಲಿ ಇವತ್ತು ಈ ಬಾಟಲಿಗೆ ಹೊಸ ತಕರಾರು ಶುರುವಾಗಿದೆ. ಅಲ್ಲಿ ಇದನ್ನು ನಿಪ್ ಅಂತಾರೆ. ಕುಡಿದು ರಸ್ತೆ ಬದಿ ಬಿಸಾಕ್ತಾರೆ, ಚರಂಡಿ ಕಟ್ಟಿಕೊಳ್ಳುತ್ತೆ. ಮ್ಯಾಸಚೂಸೆಟ್ಸ್‌ನ ಚೆಲ್ಸಿ ಅನ್ನುವ ನಗರ 2018ರಲ್ಲಿ ನಿಪ್ ಮಾರಾಟವನ್ನೇ ನಿಷೇಧಿಸಿತು. ಕನೆಕ್ಟಿಕಟ್ ರಾಜ್ಯ 2021ರ ಅಕ್ಟೋಬರ್‌ನಿಂದ ಪ್ರತಿ ನಿಪ್ ಮೇಲೆ ಐದು ಸೆಂಟ್ ಹಾಕಿ, ಆ ದುಡ್ಡನ್ನು ಊರೂರಿನ ಸ್ಥಳೀಯ ಆಡಳಿತಕ್ಕೆ ಕೊಡುತ್ತಿದೆ. ಯಾವ ಊರಿನಲ್ಲಿ ಎಷ್ಟು ಬಾಟಲಿ ಮಾರಾಟವಾಯಿತೋ ಆ ಊರಿಗೆ ಅಷ್ಟು ದುಡ್ಡು, ಅಲ್ಲಿನ ಪರಿಸರದ ಕೆಲಸಕ್ಕೆ.

ನಿಪ್ ಅನ್ನುವ ಪದ ಕೇಳಿದಾಗ ನಿಮ್ಮಲ್ಲಿ ಕೆಲವರ ಕಿವಿ ನೆಟ್ಟಗಾಗಿರಬೇಕು. ಹೌದು, ನಮ್ಮ ಮದ್ಯದಂಗಡಿಗಳ ದರಪಟ್ಟಿಯಲ್ಲೂ ಅದೇ ಪದ ಇದೆ. ಆದರೆ ಅಲ್ಲಿ 50 ಎಂಎಲ್ ನಿಪ್ ಆದರೆ ಇಲ್ಲಿ ನಿಪ್ ಅಂದರೆ 180 ಎಂಎಲ್. ಆಡುಮಾತಿನಲ್ಲಿ ಕ್ವಾರ್ಟರ್. ಅದರ ಅರ್ಧ 90, ಜನರ ಬಾಯಲ್ಲಿ 'ನೈಂಟಿ'. ನಮ್ಮ ಕರ್ನಾಟಕದ ನಿಜವಾದ ಮಿನಿಯೇಚರ್ ಅಂದರೆ ಈ ನೈಂಟಿಯೇ, ವೀಕ್ಷಕರೇ. ಗಾಜಿನದ್ದಲ್ಲ, ಹಣ್ಣಿನ ರಸದ ಡಬ್ಬಿಯಂಥ ರಟ್ಟಿನ ಪ್ಯಾಕೆಟ್ಟು. ಇದನ್ನು ಯಾರೂ ಕಪಾಟಿನಲ್ಲಿ ಇಡೋದಿಲ್ಲ. ಸಂಜೆ ಕೂಲಿ ಬಟವಾಡೆ ಆದ ಮೇಲೆ, ಅಂಗಡಿ ಮುಂದೆ ನಿಂತೇ ಮುಗಿಯುತ್ತೆ. ಹಳ್ಳಿ ರಸ್ತೆ ಬದಿ, ಕೆರೆ ಏರಿ ಮೇಲೆ, ಶಾಲೆ ಕಾಂಪೌಂಡ್ ಹಿಂದೆ ಬಿದ್ದಿರುವ ಖಾಲಿ ಪ್ಯಾಕೆಟ್ಟುಗಳೇ ನಮ್ಮ ಸಂಗ್ರಹ.

ಇದಕ್ಕೂ ಒಂದು ಇತಿಹಾಸ ಇದೆ. ಮೊದಲು ಸಾರಾಯಿ ಇತ್ತು. ಪ್ಲಾಸ್ಟಿಕ್ ಪ್ಯಾಕೆಟ್ಟಿನ ಸಾರಾಯಿ, ಅದರ ಹಿಂದೆ ಸಾರಾಯಿ ಗುತ್ತಿಗೆದಾರರು, ಅವರ ಹಿಂದೆ ರಾಜಕೀಯ. 2007ರ ಜುಲೈ 1ರಿಂದ ಕರ್ನಾಟಕ ಸಾರಾಯಿ ನಿಷೇಧ ಮಾಡಿತು. ಬಡವರ ಮನೆ ಉಳಿಯುತ್ತೆ ಅಂತ ಹೆಣ್ಣುಮಕ್ಕಳು ಖುಷಿಪಟ್ಟರು. ಆದರೆ ಸಾರಾಯಿ ಬಿಟ್ಟುಹೋದ ಜಾಗದಲ್ಲಿ ಅಗ್ಗದ ವಿಸ್ಕಿ, ಬ್ರಾಂದಿ, ರಮ್ ಬಂದು ಕೂತವು. ಅದೇ ಪುಟ್ಟ ಅಳತೆ, ಅದೇ ಗಿರಾಕಿ, ಅದೇ ಸಂಜೆ. ಬದಲಾಗಿದ್ದು ಲೇಬಲ್ಲು. 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ, ಸುಮಾರು 200 ಕಿಲೋಮೀಟರ್, ನಡೆದುಕೊಂಡು ಬಂದು ಮದ್ಯ ನಿಷೇಧಿಸಿ ಅಂತ ಕೇಳಿದರು. ಸಾರಾಯಿ ಹೋಗಿ ಹನ್ನೆರಡನೇ ವರ್ಷದಲ್ಲಿ ಅವರು ಮತ್ತೆ ಯಾಕೆ ನಡೆಯಬೇಕಾಯಿತು?

ನಾರ್ವೆಯಲ್ಲಿ ವಿನ್‌ಮೊನೊಪೊಲೆ ಇರುವ ಹಾಗೆ ನಮ್ಮಲ್ಲಿ 2003ರಿಂದ ಕರ್ನಾಟಕ ರಾಜ್ಯ ಪಾನೀಯ ನಿಗಮ ಇದೆ. ಕಾರ್ಖಾನೆಯಿಂದ ಹೊರಟ ಮದ್ಯ ಈ ನಿಗಮದ ಗೋದಾಮು ದಾಟಿಯೇ ಅಂಗಡಿಗೆ ಹೋಗಬೇಕು. ಎರಡೂ ಸರ್ಕಾರಿ ಸಂಸ್ಥೆ. ಆದರೆ ಉದ್ದೇಶ ನೋಡಿ. ನಾರ್ವೆಯದ್ದು ಜನ ಕುಡಿಯೋದನ್ನು ಕಷ್ಟ ಮಾಡೋಕೆ ಹುಟ್ಟಿದ್ದು. ನಮ್ಮದು ತೆರಿಗೆ ಸೋರಿಕೆ ತಡೆಯೋಕೆ ಹುಟ್ಟಿದ್ದು. ಅದರಲ್ಲಿ ಅದು ಗೆದ್ದಿದೆ ಕೂಡ. ಅಬಕಾರಿಯಿಂದ ರಾಜ್ಯಕ್ಕೆ ಈಗ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಮೀರಿ ಬರುತ್ತೆ. ಯಾವ ಪಕ್ಷದ ಸರ್ಕಾರ ಬರಲಿ, ಬಜೆಟ್ ದಿನ ಆ ಗುರಿ ಏರುತ್ತಲೇ ಹೋಗುತ್ತೆ.

ನಾಳೆಯೇ ಎಲ್ಲ ಬಂದ್ ಮಾಡಿ ಅಂತ ನಾನು ಹೇಳ್ತಿಲ್ಲ. ಅಮೆರಿಕದ 13 ವರ್ಷದ ಅನುಭವ ಮೇಲೇ ಹೇಳಿದ್ದೀನಿ, ಕಳ್ಳಭಟ್ಟಿಯ ಸಾವುಗಳು ನಮ್ಮ ದೇಶಕ್ಕೂ ಹೊಸದಲ್ಲ. 90 ಎಂಎಲ್ ತೆಗೆದರೆ ಸಾಕು ಅಂತಲೂ ಹೇಳ್ತಿಲ್ಲ. 90 ಸಿಗದವನು 180 ಕೊಂಡರೆ ಸೌತ್ ಕ್ಯಾರೊಲಿನಾದ ಕತೆಯೇ ಇಲ್ಲೂ ಆಗುತ್ತೆ. ನಾನು ಕೇಳೋದು ಲೆಕ್ಕ ಮಾತ್ರ. ಬಜೆಟ್ ಭಾಷಣದಲ್ಲಿ ಅಬಕಾರಿಯ ಒಟ್ಟು ಗುರಿ ಹೇಳ್ತೀರಿ. ಆ ಹಣದಲ್ಲಿ 90 ಎಂಎಲ್ ಪ್ಯಾಕೆಟ್ಟಿನ ಪಾಲೆಷ್ಟು? ಯಾವ ತಾಲ್ಲೂಕಿನಿಂದ ಎಷ್ಟು? ಆ ತಾಲ್ಲೂಕಿಗೆ ವ್ಯಸನ ಬಿಡಿಸುವ ಕೇಂದ್ರಕ್ಕೆ ವಾಪಸ್ ಹೋಗಿದ್ದೆಷ್ಟು? ಖಾಲಿ ಬಾಟಲಿಯ ಕಸಕ್ಕೆ ಕನೆಕ್ಟಿಕಟ್ ಊರಿನ ಲೆಕ್ಕ ಇಡುತ್ತೆ ಅಂದ ಮೇಲೆ, ಖಾಲಿಯಾದ ಮನೆಗಳಿಗೆ ನಾವು ತಾಲ್ಲೂಕಿನ ಲೆಕ್ಕ ಇಡೋಕಾಗಲ್ವಾ?

ಒಬ್ಬ ಸಂಗ್ರಾಹಕ 50 ಎಂಎಲ್ ಬಾಟಲಿ ಕೈಗೆ ತಗೊಂಡರೆ ಮೊದಲು ನೋಡೋದು ಮದ್ಯವನ್ನಲ್ಲ. ಲೇಬಲ್ ಓದ್ತಾನೆ, ಸೀಲು ನೋಡ್ತಾನೆ, ಯಾವ ವರ್ಷದ ಯಾವ ಕಾನೂನು ಅಂತ ಪತ್ತೆ ಹಚ್ಚುತ್ತಾನೆ. ನಮ್ಮ ರಸ್ತೆ ಬದಿಯ ನೈಂಟಿ ಪ್ಯಾಕೆಟ್ಟಿನ ಮೇಲೂ ಎಲ್ಲ ಅಚ್ಚಾಗಿದೆ: ಬೆಲೆ, ಬ್ಯಾಚ್, ತಯಾರಿಸಿದ ದಿನಾಂಕ, ಎಚ್ಚರಿಕೆಯ ಸಾಲು. ಅದನ್ನು ಬಗ್ಗಿ ಎತ್ತಿಕೊಂಡು ಓದಬೇಕಾದವರು ವಿಧಾನಸೌಧದಲ್ಲಿದ್ದಾರೆ.